ದೂರದ ಕಂಪ್ಯೂಟರಿನ ಕಿಟಕಿ: ಆಜ್ಞೆ ಕಳಿಸಬೇಕೆ, ಚಿತ್ರ ಕಳಿಸಬೇಕೆ?

ಲಿನಕ್ಸ್ ಬಳಕೆದಾರರು ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್ ಬಿಟ್ಟು ಹೊಸದಾದ ವೇಲ್ಯಾಂಡ್‌ಗೆ ಹೋಗುವ ಮಾತು ಬಂದಾಗಲೆಲ್ಲ ಒಂದು ಜಗಳ ಏಳುತ್ತದೆ. ಬೇರೆಲ್ಲೋ ಓಡುತ್ತಿರುವ ಪ್ರೋಗ್ರಾಮಿನ ಕಿಟಕಿಯೊಂದನ್ನು ನಮ್ಮ ಪರದೆಯ ಮೇಲೆ ತೆರೆಯುವ ಸೌಲಭ್ಯ ಎಲ್ಲಿ ಹೋಯಿತು?

ದೂರದ ಯಂತ್ರದ ಕೆಲಸವನ್ನು ಪರದೆಗೆ ತರುವ ಪ್ರಶ್ನೆ 1970ರ ದಶಕದಲ್ಲಿ ಸರಳವಾಗಿತ್ತು. ದೊಡ್ಡ ಕಂಪ್ಯೂಟರಿಗೆ ಜೋಡಿಸಿದ ಪರದೆ-ಕೀಲಿಮಣೆಯಾದ ಐಬಿಎಂ 3270 ಟರ್ಮಿನಲ್‌ಗೆ ಪರದೆ ತುಂಬುವ ನಮೂನೆ ಒಮ್ಮೆಗೇ ಬರುತ್ತಿತ್ತು. ಅದನ್ನು ಭರ್ತಿ ಮಾಡಿ ಎಂಟರ್ ಒತ್ತಿದರೆ ಉತ್ತರವೂ ಒಟ್ಟಿಗೇ ಹೋಗುತ್ತಿತ್ತು. ತಂತಿ ನಿಧಾನವೆಂಬುದನ್ನು ಒಪ್ಪಿಕೊಂಡೇ ಮಾಡಿದ ವಿನ್ಯಾಸವದು.

ಎಂಐಟಿಯಲ್ಲಿ 1984ರಲ್ಲಿ ಹುಟ್ಟಿದ ಎಕ್ಸ್, 1987ರ ಹನ್ನೊಂದನೆಯ ಆವೃತ್ತಿಯ ಹೊತ್ತಿಗೆ ಬಹುಮಟ್ಟಿಗೆ ಇಂದಿನ ರೂಪ ಪಡೆದಿತ್ತು. ಗೆರೆ ಎಳೆ, ಅಕ್ಷರ ಬರೆ ಎಂಬ ಆಜ್ಞೆಗಳು ನೆಟ್‌ವರ್ಕ್‌ನಲ್ಲಿ ಬರುತ್ತವೆ, ಬಿಡಿಸುವ ಕೆಲಸ ಪರದೆಯ ಕಡೆ ನಡೆಯುತ್ತದೆ. ಹೆಚ್ಚಿನ ಆಜ್ಞೆಗಳಿಗೆ ಉತ್ತರ ಬೇಕಿಲ್ಲ, ಸಾಲಾಗಿ ಕಳಿಸುತ್ತಾ ಹೋಗಬಹುದು. ತೊಡಕಿರುವುದು ಉತ್ತರ ಬೇಕಾದ ಪ್ರಶ್ನೆಗಳಲ್ಲಿ. ಪ್ರೋಗ್ರಾಂ ಒಂದನ್ನು ಕೇಳಿ, ಉತ್ತರಕ್ಕೆ ಕಾದು, ಆಮೇಲೆ ಮತ್ತೊಂದನ್ನು ಕೇಳುತ್ತದೆ. ಒಂದೇ ಕಟ್ಟಡದೊಳಗೆ ಈ ಕಾಯುವಿಕೆ ಗೊತ್ತೇ ಆಗುವುದಿಲ್ಲ. ಹೋಗಿಬರಲು 200 ಮಿಲಿಸೆಕೆಂಡ್ ಹಿಡಿಯುವ ಸಂಪರ್ಕದಲ್ಲಿ ಇಂಥ ನೂರು ಪ್ರಶ್ನೆಗಳೆಂದರೆ 20 ಸೆಕೆಂಡ್. ಬ್ಯಾಂಡ್‌ವಿಡ್ತ್ ಎಷ್ಟು ಹೆಚ್ಚಿಸಿದರೂ ಈ ಲೆಕ್ಕ ಬದಲಾಗದು. ಪ್ರಶ್ನೆಗಳನ್ನು ಒಟ್ಟಿಗೆ ಕಳಿಸಲು ಎಕ್ಸ್‌ನ ಪ್ರೊಟೊಕಾಲ್‌ನಲ್ಲಿ, ಅಂದರೆ ಸಂವಹನದ ನಿಯಮಗಳಲ್ಲಿ, ಅಡ್ಡಿಯೇನೂ ಇರಲಿಲ್ಲ. ಆದರೆ ಬಹುತೇಕ ಪ್ರೋಗ್ರಾಂಗಳು ನೆಚ್ಚಿಕೊಂಡಿದ್ದ ಎಕ್ಸ್‌ಲಿಬ್ ಎಂಬ ಸಿದ್ಧ ಕೋಡ್ ಸಂಗ್ರಹ ಪ್ರತಿ ಉತ್ತರಕ್ಕೂ ನಿಂತು ಕಾಯುತ್ತಿತ್ತು. ಎನ್‌ಎಕ್ಸ್ ಎಂಬ ತಂತ್ರ ನಡುವೆ ಕುಳಿತು ಎಷ್ಟೋ ಪ್ರಶ್ನೆಗಳಿಗೆ ಸ್ಥಳದಲ್ಲೇ ಉತ್ತರ ಕೊಟ್ಟಾಗ ಅದೇ ಎಕ್ಸ್ ಓಡತೊಡಗಿತು. ಮೂಲದಲ್ಲಿ ದೋಷ ಅಷ್ಟೇನೂ ಇರಲಿಲ್ಲ ಎನ್ನಲು ಇದೇ ಸಾಕು.

ಸನ್ ಕಂಪನಿಯ ನ್ಯೂಸ್ (NeWS) ಎಂಬ ಕಿಟಕಿ ವ್ಯವಸ್ಥೆ ಇನ್ನೂ ಮುಂದೆ ಹೋಗಿ, ಪುಟ ಬಿಡಿಸುವ ಭಾಷೆಯಾದ ಪೋಸ್ಟ್‌ಸ್ಕ್ರಿಪ್ಟ್‌ನಲ್ಲಿ ಬರೆದ ಪುಟ್ಟ ಪ್ರೋಗ್ರಾಮನ್ನೇ ಪರದೆಯ ಕಡೆಗೆ ರವಾನಿಸುತ್ತಿತ್ತು. ಗುಂಡಿ ಒತ್ತಿದರೆ ಸ್ಪಂದನೆ ಅಲ್ಲೇ. ಅದು ಗೆಲ್ಲಲಿಲ್ಲ, ಆದರೂ ಇಂದಿನ ವೆಬ್ ಪುಟ ಮಾಡುವುದು ಹೆಚ್ಚುಕಡಿಮೆ ಅದನ್ನೇ.

1998ರಲ್ಲಿ ಕೇಂಬ್ರಿಜ್‌ನ ಪ್ರಯೋಗಾಲಯದಿಂದ ಹೊರಬಂದ, ದೂರದ ಪರದೆ ತೋರಿಸುವ ವಿಎನ್‌ಸಿ ಆಜ್ಞೆಗಳ ಗೊಡವೆಯನ್ನೇ ಬಿಟ್ಟಿತು: ಈ ಜಾಗದಲ್ಲಿ ಈ ಪಿಕ್ಸೆಲ್‌ಗಳನ್ನು ಇಡು, ಅಷ್ಟೇ. ನೋಡುವವನ ಕಡೆಯಿಂದ ಕೇಳಿಕೆ ಬಂದಾಗ ಮಾತ್ರ ಹೊಸ ಚಿತ್ರ ಹೋಗುವುದರಿಂದ, ಸಂಪರ್ಕ ನಿಧಾನವಾದರೆ ಚಿತ್ರಗಳು ವಿರಳವಾಗುತ್ತವೆ, ಬಾಕಿ ಬೆಳೆಯುವುದಿಲ್ಲ. ಈ ಮಟ್ಟಿಗೆ ಜಾಣ ವಿನ್ಯಾಸ. ಆದರೆ ಅಕ್ಷರ ಯಾವುದು, ಗುಂಡಿ ಯಾವುದು ಎಂಬ ತಿಳಿವು ದಾರಿಯಲ್ಲೇ ಕಳೆದುಹೋಗುತ್ತದೆ.

ಎಕ್ಸ್ ಪ್ರೋಗ್ರಾಂಗಳೂ ಕ್ರಮೇಣ ಅತ್ತಲೇ ಹೊರಳಿದವು. ಅಕ್ಷರ, ನೆರಳುಗಳನ್ನು ತಾವೇ ಬಿಡಿಸಿ ಸಿದ್ಧಚಿತ್ರ ಕಳಿಸತೊಡಗಿದ ಮೇಲೆ ಆಜ್ಞೆಗಳ ಲಾಭ ಉಳಿಯಲಿಲ್ಲ. 2008ರಲ್ಲಿ ಆರಂಭವಾದ ವೇಲ್ಯಾಂಡ್ ಈ ವಾಸ್ತವವನ್ನೇ ನಿಯಮ ಮಾಡಿತು: ಪ್ರೋಗ್ರಾಂ ಮತ್ತು ಪರದೆ ಒಂದೇ ಯಂತ್ರದ ಮೆಮೊರಿಯನ್ನು ಹಂಚಿಕೊಳ್ಳುತ್ತವೆ. ಆ ಹಂಚಿಕೆ ನೆಟ್‌ವರ್ಕ್ ದಾಟದು. ಸ್ಥಳೀಯ ವೇಗಕ್ಕೆ ಇದು ಸರಿಯಾದ ಆಯ್ಕೆ. ದೂರದ ಕೆಲಸವನ್ನು ಮಾತ್ರ ಮುಂದೆ ಬರುವ ಯಾರೋ ನೋಡಿಕೊಳ್ಳಲಿ ಎಂದು ಬಿಟ್ಟಂತಿತ್ತು. ಆಮೇಲೆ ಬಂದ ವೇಪೈಪ್ ಎಂಬ ಪ್ರೋಗ್ರಾಂ, ಬದಲಾದ ಚಿತ್ರಭಾಗಗಳನ್ನು ಕುಗ್ಗಿಸಿ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ದಾಟಿಸುತ್ತದೆ. ಕೆಲಸ ಆಗುತ್ತದೆ, ಆದರೆ ಎರಡೂ ಯಂತ್ರಗಳಲ್ಲಿ ಅದನ್ನು ಬೇರೆಯಾಗಿ ಅಳವಡಿಸಿಕೊಂಡಿರಬೇಕು.