ಲೇಬಿಯಾಪ್ಲಾಸ್ಟಿ ಕೆಟ್ಟೋಗಿದೆ, ಸರಿ ಮಾಡಿಸೋಕೆ ಯಾರ ಹತ್ರ ಹೋಗ್ಲಿ?

ಪ್ರಶ್ನೆ: ಎಂಟು ತಿಂಗಳ ಹಿಂದೆ ಲೇಬಿಯಾಪ್ಲಾಸ್ಟಿ, ಅಂದ್ರೆ ಯೋನಿಯ ಒಳತುಟಿ ಚಿಕ್ಕದು ಮಾಡೋ ಆಪರೇಷನ್ ಆಯ್ತು. ಒಂದು ಕಡೆ ಒಳತುಟಿ ಇಲ್ವೇ ಇಲ್ಲ ಅನ್ನೋ ಹಾಗೆ ಕತ್ತರಿಸಿದ್ದಾರೆ, ಇನ್ನೊಂದು ಕಡೆ ಅಂಚು ಗರಗಸದ ಥರ ಇದೆ. ಜೀನ್ಸ್ ಹಾಕಿದ್ರೆ ಉರಿ. ಅದೇ ಡಾಕ್ಟ್ರು ಫ್ರೀಯಾಗಿ ಟಚಪ್ ಮಾಡ್ಕೊಡ್ತೀನಿ ಅಂತಿದ್ದಾರೆ, ಹೋಗ್ಲಾ?

ಉತ್ತರ: ಅಂಚು ಸ್ವಲ್ಪ ಏರುಪೇರು ಇದೆ ಅಷ್ಟೇ ಅಂದಿದ್ರೆ ಹೋಗಿ ಅಂತಿದ್ದೆ. ನಿಮ್ದು ಹಾಗಲ್ಲ. ಬ್ಲೌಸ್ ದೊಡ್ಡದಾದ್ರೆ ಯಾವ ಟೈಲರ್ ಆದ್ರೂ ಹಿಡಿದು ಕೊಡ್ತಾನೆ, ಒಳಗೆ ಬಟ್ಟೆ ಬಿಡದೇ ಚಿಕ್ಕದಾಗಿ ಕತ್ತರಿಸಿಟ್ಟಿದ್ರೆ ಬಿಚ್ಚೋಕೆ ಏನಿರುತ್ತೆ? ಚರ್ಮ ಬೇರೆ ಕಡೆಯಿಂದ ತರಬೇಕು, ಸಾಮಾನ್ಯವಾಗಿ ಮೇಲಿನ ಹುಡ್‌ನಿಂದ, ಅಂದ್ರೆ ಕ್ಲಿಟೋರಿಸ್ ಮುಚ್ಚಿರೋ ಚರ್ಮದಿಂದ, ಪಟ್ಟಿ ಥರ ತಿರುಗಿಸಿ ಕೆಳಗೆ ತಂದು ಹೊಲಿಯೋದು. ವೆಜ್ ವಿಧಾನವನ್ನ (ಅಂಚು ಟ್ರಿಮ್ ಮಾಡೋ ಬದಲು ಮಧ್ಯದಿಂದ V ಆಕಾರದ ತುಂಡು ತೆಗೆದು ಹೊಲಿಯೋದು) 1998ರಲ್ಲಿ ಬರೆದ ಅಮೆರಿಕದ ಸರ್ಜನ್ ಗ್ಯಾರಿ ಆಲ್ಟರ್ ಅವರೇ ಆಮೇಲೆ ಈ ರಿಪೇರಿ ಬಗ್ಗೆನೂ ಬರೆದಿದ್ದಾರೆ. ಬರೀ ಅಂಚು ಟ್ರಿಮ್ ಮಾಡಿ ಅಭ್ಯಾಸ ಇರೋರ ಕೈಗೆ ಇದು ಸಿಗೋ ಕೆಲ್ಸ ಅಲ್ಲ.

ಮೊದ್ಲು ಹಳೇ ಆಸ್ಪತ್ರೆಯಿಂದ ಆಪರೇಷನ್ ನೋಟ್ ಮತ್ತು ಮುಂಚಿನ ಫೋಟೋ ತಗೊಳ್ಳಿ, ಬರೆದು ಕೇಳಿ, ಯಾಕಂದ್ರೆ ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದ ಪ್ರಕಾರ ಕೇಳಿದ 72 ಗಂಟೆ ಒಳಗೆ ರೆಕಾರ್ಡ್ ಕೊಡಬೇಕು. ಟ್ರಿಮ್ ಮಾಡಿದ್ರಾ, ವೆಜ್ ಮಾಡಿದ್ರಾ ಅನ್ನೋದು ಅದ್ರಲ್ಲಿರುತ್ತೆ. ಹೊಸ ಡಾಕ್ಟ್ರು ಆ ಕಾಗದ ಕೇಳದೇ, ಪರೀಕ್ಷೆನೂ ಮಾಡದೇ, ವಾಟ್ಸಾಪ್ ಫೋಟೋ ನೋಡೇ ಡೇಟ್ ಕೊಟ್ರೆ ಅಲ್ಲಿಂದ ಎದ್ದು ಬಂದುಬಿಡಿ.

ಬೋರ್ಡ್ ಮೇಲೆ ಕಾಸ್ಮೆಟಿಕ್ ಅಂತಿದ್ರೆ ಸಾಲ್ದು, ಎರಡು ದಿನದ ವರ್ಕ್‌ಶಾಪ್ ಮುಗಿಸಿದವ್ರೂ ಹಾಕ್ಕೋತಾರೆ. ಪ್ಲಾಸ್ಟಿಕ್ ಸರ್ಜರೀಲಿ ಎಂಸಿಎಚ್ ಅಥವಾ ಡಿಎನ್‌ಬಿ ಅನ್ನೋ ತಜ್ಞರ ಡಿಗ್ರಿ ಇದ್ಯಾ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದ ವೆಬ್‌ಸೈಟಲ್ಲಿ ಹೆಸರು ಹಾಕಿ ನೋಡಿ. ಡಿಗ್ರಿ ಇದ್ರೂ ಈ ಕೆಲ್ಸ ಬರುತ್ತೆ ಅಂತೇನಿಲ್ಲ. ಬೇರೆಯವ್ರು ಮಾಡಿ ಕೆಟ್ಟಿದ್ದನ್ನ ಎಷ್ಟು ಸರಿ ಮಾಡಿದೀರಾ, ಫೋಟೋ ತೋರಿಸ್ತೀರಾ ಅಂತ ನೇರವಾಗಿ ಕೇಳಿ, ನಾಚ್ಕೋಬೇಡಿ. ನನ್ ಪ್ರಕಾರ ಇದಕ್ಕಿಂತ ಒಳ್ಳೇ ಪ್ರಶ್ನೆ ಇನ್ನೊಂದಿದೆ: ನನ್ನ ಕೇಸಲ್ಲಿ ಏನು ಸರಿಹೋಗಲ್ಲ? ಎಲ್ಲಾ ಮೊದಲಿನ ಥರ ಆಗುತ್ತೆ ಅನ್ನೋರಿಗಿಂತ, ಎರಡು ಕಡೆ ಒಂದೇ ಥರ ಬರಲ್ಲ, ಇನ್ನೊಂದು ಗಾಯದ ಗೆರೆ ಬರುತ್ತೆ ಅಂತ ಮುಖಕ್ಕೆ ಹೇಳೋರೇ ವಾಸಿ.

ಎಂಟು ತಿಂಗಳಾಗಿದ್ದು ಒಳ್ಳೇದೇ ಆಯ್ತು, ಕಮ್ಮಿ ಅಂದ್ರೂ ಆರು ತಿಂಗಳು ಬಿಟ್ರೇನೇ ಊತ ಇಳಿದು ಗಾಯ ಮೆತ್ತಗಾಗೋದು.

ಉರಿ ಮಾತ್ರ ಬೇರೆ ವಿಷ್ಯ. ಆಕಾರ ಸರಿ ಮಾಡಿದ್ರೆ ಉರಿ ಹೋಗುತ್ತೆ ಅಂತ ಗ್ಯಾರಂಟಿ ಇಲ್ಲ. ಗಾಯದ ಗೆರೇಲಿ ನರ ಸಿಕ್ಕಾಕೊಂಡಿರಬಹುದು, ಚರ್ಮದ್ದೇ ತೊಂದ್ರೆ ಇರಬಹುದು. ಹಂಗಾಗಿ ಸರ್ಜನ್‌ಗಿಂತ ಮುಂಚೆ ಒಬ್ಬ ಗೈನಕಾಲಜಿಸ್ಟ್ ಹತ್ರ ತೋರಿಸಿ, ಅವ್ರು ಹತ್ತಿ ಬಡ್ಸ್ ತುದೀಲಿ ಮುಟ್ಟಿ ಎಲ್ಲಿ ನೋವು ಅಂತ ಕೇಳ್ತಾರೆ, ಒಂದೇ ಜಾಗಾನಾ ಇಲ್ಲಾ ಪೂರ್ತಿನಾ ಅಂತ ಮನೇಲೇ ಗಮನಿಸ್ಕೊಂಡು ಹೋಗಿ.