ಹಂದಿ ಓಡಿಸೋಕೆ ಗ್ರೇಟ್ ಡೇನ್ ತರಬಹುದಾ?

ಪ್ರಶ್ನೆ: ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಎಂಟು ಎಕರೆ ಕಾಫಿ ತೋಟ, ಕೆಳಗೆ ಸ್ವಲ್ಪ ಗದ್ದೆ. ಕಾಡುಹಂದಿ ಕಾಟ ವಿಪರೀತ. ಗ್ರೇಟ್ ಡೇನ್ ಹಂದಿ ಬೇಟೆಗೆಂದೇ ಬೆಳೆಸಿದ ನಾಯಿ ಅಂತ ಹೇಳ್ತಾರೆ. ಒಂದು ತಂದು ಬಿಟ್ಟರೆ ತೋಟ ಕಾಯುತ್ತದಾ?

ಉತ್ತರ: ಹಂದಿ ಬೇಟೆಯ ನಾಯಿ ಅನ್ನೋದು ನಿಜ. ಆದರೆ ಅದು ಅರ್ಧ ಕಥೆ. ಇನ್ನರ್ಧ ಕೇಳಿದ ಮೇಲೆ ತರಬೇಕೋ ಬೇಡವೋ ನೀವೇ ಹೇಳಿ.

ಮೊದಲು ಹೆಸರಿನ ಗೊಂದಲ. ಡೇನ್ ಅಂದರೂ ಈ ನಾಯಿಗೂ ಡೆನ್ಮಾರ್ಕಿಗೂ ಸಂಬಂಧ ಇಲ್ಲ. 18ನೇ ಶತಮಾನದಲ್ಲಿ ಫ್ರಾನ್ಸಿನ ಪ್ರಾಣಿ ಪಂಡಿತ ಬುಫಾನ್ ತನ್ನ ಪುಸ್ತಕದಲ್ಲಿ 'ದೊಡ್ಡ ಡೇನಿಶ್ ನಾಯಿ' ಎಂದು ಬರೆದುಬಿಟ್ಟ. ಇಂಗ್ಲಿಷಿನಲ್ಲಿ ಅದೇ ಉಳಿದುಕೊಂಡಿತು. ತಳಿ ಬೆಳೆದದ್ದು ಜರ್ಮನಿಯಲ್ಲಿ. ಅಲ್ಲಿ ಇವತ್ತಿಗೂ ಇದನ್ನು 'ಡಾಯ್ಚ ಡಾಗ' ಅಂತಲೇ ಕರೆಯುತ್ತಾರೆ, ಅಂದರೆ ಜರ್ಮನಿಯ ಮಾಸ್ಟಿಫ್, ಭಾರಿ ಮೈಯ ನಾಯಿ.

ಅಲ್ಲಿನ ರಾಜರು, ಸಾಮಂತರು ಇದರ ಪೂರ್ವಜರನ್ನು ಸಾಕಿದ್ದು ಎರಡು ಕೆಲಸಕ್ಕೆ. ಒಂದು, ಹಂದಿ ಬೇಟೆ. ಆದರೆ ಕಾಡಿನಲ್ಲಿ ಹಂದಿಯ ಜಾಡು ಹಿಡಿಯುವುದು, ಅಟ್ಟಿಸಿಕೊಂಡು ಹೋಗಿ ಸುಸ್ತು ಮಾಡುವುದು ಇವುಗಳ ಕೆಲಸ ಆಗಿರಲಿಲ್ಲ. ಅದಕ್ಕೆ ಹಗುರ ಮೈಯ ಬೇರೆ ನಾಯಿಗಳಿದ್ದವು. ಹಂದಿ ತಿರುಗಿ ನಿಂತಾಗ ಈ ಭಾರಿ ನಾಯಿಗಳನ್ನು ಬಿಡುತ್ತಿದ್ದರು. ಇವು ಕಿವಿಗೆ ಬಾಯಿ ಹಾಕಿ ಹಂದಿಯನ್ನು ಒತ್ತಿ ಹಿಡಿಯಬೇಕು. ಬೇಟೆಗಾರ ಬಂದು ಈಟಿಯಿಂದ ತಿವಿಯಬೇಕು. ಅಂದರೆ ಇದು ಗುಂಪಿನ ಕೊನೆಯ ಆಳು, ಒಂಟಿಯಾಗಿ ಹೋಗಿ ಹಂದಿ ಓಡಿಸುವಂಥದ್ದಲ್ಲ. ನಾಯಿಯ ಕಿವಿಯನ್ನು ಹಂದಿ ಹರಿಯಬಾರದೆಂದು ಮೊದಲೇ ಕತ್ತರಿಸುವ ರೂಢಿಯೂ ಆಗಲೇ ಬಂದದ್ದು. ಈಗ ಅದು ಬರೀ ಶೋಕಿ. ಯಾರಾದರೂ ಮಾಡಿಸಿ ಅಂದರೆ ಬೇಡ ಅನ್ನಿ.

ಎರಡನೇ ಕೆಲಸ ಮಲಗುವ ಕೋಣೆಯದ್ದು. ಇದ್ದುದರಲ್ಲಿ ಚೆಂದದ, ದೊಡ್ಡ ನಾಯಿಗಳನ್ನು ಆರಿಸಿ ದೊರೆಯ ಕೋಣೆಯಲ್ಲೇ ಮಲಗಿಸುತ್ತಿದ್ದರು. ರಾತ್ರಿ ಕೊಲ್ಲಲು ಬಂದವನಿಗೆ ಮೊದಲು ಇವು ಎದುರಾಗಲಿ ಅಂತ. ಕುತ್ತಿಗೆಗೆ ಚಿನ್ನದ ಬಣ್ಣದ ಪಟ್ಟಿ, ಒಳಗೆ ಮಖಮಲ್ಲು. ಬಂದೂಕು ಬಂದ ಮೇಲೆ ಈಟಿಯ ಬೇಟೆ ಮೂಲೆ ಸೇರಿತು. 1880ರಲ್ಲಿ ಜರ್ಮನರು ತಳಿಯ ಲಕ್ಷಣಗಳನ್ನು ಬರೆದಿಟ್ಟರು, 1888ರಲ್ಲಿ ಇದಕ್ಕೆಂದೇ ಕ್ಲಬ್ ಕಟ್ಟಿದರು. ಆಮೇಲಿನ ಸಾಕಣೆದಾರರು ಕಚ್ಚುವ ಸಿಟ್ಟನ್ನು ಬೇಕಂತಲೇ ತಗ್ಗಿಸುತ್ತ ಬಂದರು. ನನ್ನ ಕೇಳಿದರೆ ಇವತ್ತಿನ ಗ್ರೇಟ್ ಡೇನ್ ಆ ಮಲಗುವ ಕೋಣೆಯ ನಾಯಿಯ ಮೊಮ್ಮಗ. ಕಾಡನ್ನು ಮರೆತಿದೆ, ಹಾಸಿಗೆಯನ್ನು ಮರೆತಿಲ್ಲ.

ನಮ್ಮ ಮನೆಯಲ್ಲಿದ್ದ ಗಂಡು ಹಾಗೇ ಇತ್ತು. ಭುಜದ ಹತ್ತಿರ 84 ಸೆಂಟಿಮೀಟರ್ ಎತ್ತರ. ಜೂನ್ ಮಳೆ ಹಿಡಿಯಿತು ಅಂದರೆ ಜಗಲಿಯಿಂದ ಅಂಗಳಕ್ಕೆ ಇಳಿಯೋಕೆ ಒಲ್ಲೆ ಅನ್ನುತ್ತಿತ್ತು. ಮುಂದಿನ ಕಾಲು ಮೆಟ್ಟಿಲ ಮೇಲೆ, ಹಿಂದಿನದು ಒಳಗೆ, ಮುಖ ನಮ್ಮ ಕಡೆ. ಗಿಡ್ಡ ಕೂದಲಿನ ಮೈ, ಕೊಡಗಿನ ಮಳೆಗೆ ಅದು ಸಾಲೋದಿಲ್ಲ. ಮನೆಗೆ ಬಂದವರ ತೊಡೆಗೆ ಇಡೀ ಭಾರ ಹಾಕಿ ಒರಗಿ ನಿಲ್ಲುವುದು ಅದರ ಪ್ರೀತಿ. ಖುಷಿಯಾದರೆ ಬಾಲ ಗೋಡೆಗೆ ಬಡಿದು ತುದಿ ಒಡೆದು ರಕ್ತ. ಸುಣ್ಣದ ಗೋಡೆ ಮೇಲೆ ಸಾಲು ಸಾಲು ಚುಕ್ಕೆ. ಬಟ್ಟೆ ಸುತ್ತಿದರೆ ಅರ್ಧ ಗಂಟೆಗೆ ಬಿಚ್ಚಿ ಹಾಕುತ್ತಿತ್ತು. ಕಣದಲ್ಲಿ ಕಾಫಿ ಹರಡಿದ್ದಾಗ ಮಾತ್ರ ಅದರ ಗತ್ತೇ ಬೇರೆ. ಗೊತ್ತಿಲ್ಲದವರು ಗೇಟಿನ ಹತ್ತಿರ ಬಂದರೆ ಎದ್ದು ನಿಂತು ಒಂದೇ ಒಂದು ಸಲ ಬೊಗಳುತ್ತಿತ್ತು. ಎದೆಯಿಂದ ಬರುವ ಆ ಸದ್ದು ಸಾಕಾಗುತ್ತಿತ್ತು.

ಇನ್ನು ನಿಮ್ಮ ಹಂದಿಗೆ ಬರೋಣ. ಹಳಬರು ಕೈಲ್‌ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಆದ ಮೇಲೆ ನಾಯಿ ಕಟ್ಟಿಕೊಂಡು ಬೇಟೆಗೆ ಹೋಗುತ್ತಿದ್ದ ಕಾಲ ಮುಗಿದಿದೆ. 1972ರ ವನ್ಯಜೀವಿ ಕಾಯ್ದೆ ಇದೆ, ನಾಯಿ ಬಿಟ್ಟು ಹಂದಿ ಕೊಲ್ಲಿಸಿದರೂ ಅದು ಬೇಟೆಯೇ. ಹೋಗಲಿ, ಸುಮ್ನೆ ಅಟ್ಟಲಿ ಅಂದರೆ, ದಾಡೆ ಇರುವ ಒಂಟಿ ಹಂದಿ ನಿಮ್ಮ ನಾಯಿಯ ಹೊಟ್ಟೆ ಸೀಳಬಹುದು. ಸಿದ್ದಾಪುರದ ಕಡೆ ಆನೆ ಬೇರೆ. ನಾಯಿ ಆನೆಯನ್ನು ಕೆಣಕಿ, ಹೆದರಿ ಓಡಿ ಬರುವುದು ಎಲ್ಲಿಗೆ? ಯಜಮಾನರ ಕಾಲ ಬುಡಕ್ಕೆ. ಆನೆಯೂ ಹಿಂದೆಯೇ. ರಾತ್ರಿ ಹೊರಗೆ ಸರಪಳಿಯಲ್ಲಿ ಕಟ್ಟಿದರೆ ಚಿರತೆಗೆ ಕರೆದು ಕೊಟ್ಟಂತೆ. ಹಂದಿಗೆ ಗದ್ದೆ ಸುತ್ತ ಸೋಲಾರ್ ಬೇಲಿಯೇ ವಾಸಿ, ಅದಕ್ಕೆ ಅನ್ನ ಹಾಕಬೇಕಾಗಿಲ್ಲ.

ಮನೆ ಕಾಯೋಕೆ, ಮಕ್ಕಳ ಜೊತೆಗೆ ಅಂತ ಆದರೆ ಧಾರಾಳವಾಗಿ ತನ್ನಿ. ಆಯಸ್ಸು ಮಾತ್ರ ಕಡಿಮೆ, ಸಾಮಾನ್ಯವಾಗಿ 7ರಿಂದ 10 ವರ್ಷ. ಒಂದು ವಿಷಯ ನೆನಪಿಡಲೇಬೇಕು. ಈ ತಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಕಾಯಿಲೆ ಬೇರೆ ನಾಯಿಗಳಿಗಿಂತ ಜಾಸ್ತಿ. ಹೊಟ್ಟೆ ತಮಟೆಯ ಹಾಗೆ ಬಿಗಿಯುತ್ತದೆ, ವಾಂತಿಗೆ ಒದ್ದಾಡುತ್ತದೆ, ಏನೂ ಬರುವುದಿಲ್ಲ. ಆಗ ಇರುವುದು ಕೆಲವೇ ಗಂಟೆ, ಆಪರೇಷನ್ ಬೇಕು. ಮೈಸೂರಿಗೆ ಓಡೋಣ ಅಂದರೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಹತ್ತಿರದಲ್ಲಿ ಆಪರೇಷನ್ ಮಾಡುವ ಡಾಕ್ಟರ್ ಯಾರು, ರಾತ್ರಿ ಫೋನ್ ಎತ್ತುತ್ತಾರಾ ಅಂತ ನಾಯಿ ತರುವ ಮೊದಲೇ ವಿಚಾರಿಸಿಕೊಳ್ಳಿ. ದಿನದ ಊಟ ಎರಡು ಮೂರು ಸಲ ಹಂಚಿ ಹಾಕಿ. ಊಟ ಆದ ತಕ್ಷಣ ಓಡಿಸಬೇಡಿ. ಮಳೆಗಾಲದಲ್ಲಿ ದಿನಾ ಬೆರಳ ಸಂದಿ, ಕಿವಿಯೊಳಗೆ ಉಣ್ಣಿ ಹುಡುಕಿ.

ಮರಿ ನೋಡಲು ಹೋದಾಗ ಪೂರ್ತಿ ಬಿಳಿ ಮರಿ ತೋರಿಸಿ 'ಅಪರೂಪದ ಬಣ್ಣ' ಎಂದು ಜಾಸ್ತಿ ಕಾಸು ಕೇಳಬಹುದು. ಮಚ್ಚೆಯ ಬಣ್ಣದ ಎರಡು ನಾಯಿಗಳನ್ನು ಕೂಡಿಸಿದಾಗ ಹುಟ್ಟುವ ಇಂಥ ಮರಿಗಳಲ್ಲಿ ಕಿವುಡು ಸಾಮಾನ್ಯ. ಮರಿಗೆ ಕಾಣದ ಹಾಗೆ ಹಿಂದೆ ನಿಂತು ಒಂದು ಚಪ್ಪಾಳೆ ತಟ್ಟಿ. ತಿರುಗಿ ನೋಡದಿದ್ದರೆ ಜೀಪು ಹತ್ತಿ ವಾಪಸ್ ಬನ್ನಿ.