ಸಿಲಿಂಡರ್ ಪವರ್ ಏರುತ್ತಲೇ ಇದ್ದರೆ ಕಾರ್ನಿಯಾ ನೋಡಿಸಿ

"ಕನ್ನಡಕ ಬದಲಾಯಿಸಿ ಆರು ತಿಂಗಳಾಗಿಲ್ಲ ಡಾಕ್ಟ್ರೇ, ಬೋರ್ಡ್ ಮತ್ತೆ ಕಾಣಲ್ಲ ಅಂತಾನೆ." ಹನ್ನೆರಡು, ಹದಿಮೂರು ವರ್ಷದ ಮಕ್ಕಳ ತಾಯಂದಿರು ಹೀಗೆಂದಾಗ ನಾನು ಹಳೆಯ ಚೀಟಿಗಳಲ್ಲಿ ಸಿಲಿಂಡರ್ ಪವರ್, ಅಂದರೆ ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ್ದಕ್ಕೆ ಕನ್ನಡಕದಲ್ಲಿ ಕೊಡುವ ಪವರ್, ಹುಡುಕುತ್ತೇನೆ. ಅದು ಪ್ರತಿ ಸಲ ಏರಿದ್ದರೆ, ಹುಡುಗ ಕಣ್ಣುಜ್ಜುವವನಾಗಿದ್ದರೆ, ಸುಮ್ನೆ ಇನ್ನೊಂದು ಕನ್ನಡಕ ಬರೆದುಕೊಡುವುದು ತಪ್ಪು. ಕಾರ್ನಿಯಾದ ಸ್ಕ್ಯಾನ್ ಆಗಲೇಬೇಕು.

ಕಾರ್ನಿಯಾ ಎಂದರೆ ಕರಿಗುಡ್ಡೆಯ ಮೇಲೆ ಕೈಗಡಿಯಾರದ ಗಾಜಿನಂತೆ ಕೂತಿರುವ ಪಾರದರ್ಶಕ ಪದರ. ನಡುವೆ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ಚೂರು ಜಾಸ್ತಿ, ಅಷ್ಟೇ. ಕೆರಟೋಕೋನಸ್ ಎಂಬ ರೋಗ ಬಂದರೆ ಅದು ತೆಳ್ಳಗಾಗಿ ಮುಂದಕ್ಕೆ ಉಬ್ಬುತ್ತದೆ. ಮೂವತ್ತು ದಾಟಿದವರಲ್ಲಿ ಸಾಮಾನ್ಯವಾಗಿ ನಿಧಾನ. ಮಕ್ಕಳಲ್ಲಿ ಕೆಲವೇ ತಿಂಗಳಲ್ಲಿ ಓಡುತ್ತದೆ. ಹಾಗಾಗಿ "ದೊಡ್ಡವನಾಗಲಿ, ಆಮೇಲೆ ನೋಡೋಣ" ಎಂಬ ಮಾತು ಇಲ್ಲಿ ಬೇಡವೇ ಬೇಡ. ದೊಡ್ಡವರಲ್ಲಾದರೆ ಎರಡು ಸ್ಕ್ಯಾನ್ ಹೋಲಿಸಿ, ಏರಿದ್ದು ಖಾತ್ರಿಯಾದ ಮೇಲೆ ಚಿಕಿತ್ಸೆಗೆ ಇಳಿಯುತ್ತೇವೆ. ಮಕ್ಕಳ ವಿಷಯದಲ್ಲಿ ಅಷ್ಟು ದಿನ ಕಾಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಕಾದಷ್ಟೂ ಹೋಗುವುದು ಮಗುವಿನ ದೃಷ್ಟಿ.

ಚಿಕಿತ್ಸೆಯ ಹೆಸರು ಕ್ರಾಸ್‌ಲಿಂಕಿಂಗ್. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ರೂಪುಗೊಂಡ ವಿಧಾನವೇ ಇಂದಿಗೂ ಅಳತೆಗೋಲು. ಅಲ್ಲಿನ ಮೊದಲ ರೋಗಿಗಳ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಕಾರ್ನಿಯಾದ ಮೇಲ್ಪೊರೆ ತೆಗೆದು ಅರ್ಧ ಗಂಟೆ ರೈಬೋಫ್ಲಾವಿನ್, ಅಂದರೆ ಬಿ2 ವಿಟಮಿನ್ ಹನಿ ಹಾಕುತ್ತಾರೆ. ಹಳದಿ ಹನಿ ಒಳಗೆ ಇಳಿದ ಮೇಲೆ ಇನ್ನರ್ಧ ಗಂಟೆ ಅಲ್ಟ್ರಾವಯಲೆಟ್ ಬೆಳಕು. ಕಾರ್ನಿಯಾ ಒಳಗಿನ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಒಂದಕ್ಕೊಂದು ಬಿಗಿಯಾಗುತ್ತವೆ. ಈಗ ಬೆಳಕಿನ ಸಮಯ ಕಡಿಮೆ ಮಾಡಿದ ವಿಧಾನಗಳೂ ಇವೆ. ಕಾರ್ನಿಯಾ ಕನಿಷ್ಠ 400 ಮೈಕ್ರಾನ್, ಅಂದರೆ 0.4 ಮಿಲಿಮೀಟರ್ ದಪ್ಪ ಇರಬೇಕು ಎಂಬುದು ಮೂಲ ನಿಯಮ. ತಡವಾಗಿ ಬಂದವರಿಗೆ ತೊಡಕಾಗುವುದು ಇಲ್ಲೇ. ಅಲುಗಾಡದೆ ಮಲಗಲಾರದ ಚಿಕ್ಕ ಮಕ್ಕಳಿಗೆ ಅರಿವಳಿಕೆ ಬೇಕಾಗುತ್ತದೆ. ಮೊದಲ ಎರಡು ಮೂರು ದಿನ ನೋವು, ನೀರು ಸೋರುವುದು ಇದ್ದೇ ಇರುತ್ತದೆ. ಕೆಲವು ವಾರ ದೃಷ್ಟಿ ಮಂಜಾಗಿರುತ್ತದೆ. ಇದನ್ನು ಮಗುವಿಗೆ ಮೊದಲೇ ಹೇಳಿಬಿಡಿ.

ಕನ್ನಡಕ ಬಿಟ್ಟುಹೋಗುತ್ತದಾ? ಇಲ್ಲ. ಈ ಚಿಕಿತ್ಸೆ ರೋಗ ಮುಂದುವರಿಯುವುದನ್ನು ತಡೆಯುತ್ತದೆ. ಉಬ್ಬು ಜಾಸ್ತಿಯಿದ್ದರೆ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಬೇಕಾಗಬಹುದು. ಕನ್ನಡಕ ಬಿಡಿಸಲು ಮಾಡುವ ಲೇಸರ್ ಶಸ್ತ್ರಚಿಕಿತ್ಸೆ ಲೇಸಿಕ್ ಮಾತ್ರ ಈ ಕಣ್ಣಿಗೆ ಮಾಡುವಂತಿಲ್ಲ.

ಎಷ್ಟೇ ಚೆನ್ನಾಗಿ ಕ್ರಾಸ್‌ಲಿಂಕಿಂಗ್ ಆಗಿರಲಿ, ಕಣ್ಣುಜ್ಜುವುದು ನಿಲ್ಲದಿದ್ದರೆ ರೋಗ ಮತ್ತೆ ಏರಬಹುದು. ಮಗು ಹೇಗೆ ಉಜ್ಜುತ್ತದೆ ಗಮನಿಸಿ: ಬೆರಳ ಗೆಣ್ಣು ಒತ್ತಿ ಗರಗರ ತಿರುಗಿಸುತ್ತದೆ, ನಿದ್ದೆಗಣ್ಣಲ್ಲೂ ಬಿಡುವುದಿಲ್ಲ. ಇದರ ಹಿಂದೆ ಸಾಮಾನ್ಯವಾಗಿ ಅಲರ್ಜಿ ಇರುತ್ತದೆ, ಬೇಸಿಗೆಯಲ್ಲಿ ಜಾಸ್ತಿ. ಗದರಿದರೆ ತುರಿಕೆ ಹೋಗುತ್ತದಾ? ಪಾಪ, ಮಗುವಿಗೆ ತಡೆಯಲಾಗುವುದಿಲ್ಲ ಅಲ್ವಾ. ಅಲರ್ಜಿಗೆ ಔಷಧ ಕೊಡಿಸಿ, ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನು ಮುಚ್ಚಿದ ರೆಪ್ಪೆಯ ಮೇಲಿಡಿ. ಹಳೆ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ಸ್ಟಿರಾಯ್ಡ್ ಹನಿ ತಂದು ತಿಂಗಳುಗಟ್ಟಲೆ ಹಾಕಬೇಡಿ. ತುರಿಕೆಯೇನೋ ತಕ್ಷಣ ಇಳಿಯುತ್ತದೆ, ಆದರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ರೋಗ ಬರಬಹುದು.

ಚಿಕಿತ್ಸೆಯ ನಂತರವೂ ವೈದ್ಯರು ಹೇಳಿದ ದಿನಕ್ಕೆ ಸ್ಕ್ಯಾನ್ ಮಾಡಿಸಿ, ಹಳೆಯ ಸ್ಕ್ಯಾನ್ ಕಾಗದಗಳನ್ನು ಪ್ರತಿ ಸಲ ತನ್ನಿ. ತಮ್ಮ ತಂಗಿಯರಿದ್ದರೆ ಅವರ ಕಣ್ಣನ್ನೂ ಒಮ್ಮೆ ತೋರಿಸಿ.